ಬಾಗಿಲು ಹಾಕಿ, ಆದರೆ ಜಗಲಿಯಲ್ಲಿ ಒಬ್ಬರಿರಲಿ



ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನೀವು ಕೆಲಸ ಮಾಡುವ ತಂಡಕ್ಕೋ, ನೀವು ಓಡಾಡುವ ಸಂಘದ ಕಾರ್ಯಕಾರಿ ಸಮಿತಿಗೋ ಒಂದು ಇ-ಮೇಲ್ ವಿಳಾಸ ಇದೆಯಲ್ಲ, ಒಂದೇ ಸಲಕ್ಕೆ ಹತ್ತಿಪ್ಪತ್ತು ಜನರಿಗೆ ಹೋಗುವಂಥದ್ದು? ಪೂರ್ತಿ ಹೊರಗಿನವರೊಬ್ಬರು ಇವತ್ತು ರಾತ್ರಿ ಆ ವಿಳಾಸಕ್ಕೆ ಪತ್ರ ಬರೆದರೆ ಏನಾಗುತ್ತದೆ? ನೇರವಾಗಿ ಎಲ್ಲರಿಗೂ ತಲುಪುತ್ತದೆಯೇ? ಯಾರಾದರೂ ಒಬ್ಬರು ನೋಡಿ ಒಳಗೆ ಬಿಡುತ್ತಾರೆಯೇ? ಅಥವಾ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್ ಹೋಗುತ್ತದೆಯೇ?

ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಸಾಫ್ಟ್‌ವೇರಿನವರಿಗೇನೂ ಬರವಿಲ್ಲ. ಆದರೂ ಈ ಪ್ರಶ್ನೆ ಕೇಳಿದಾಗ ಬಹಳ ಜನ ತಲೆ ಕೆರೆದುಕೊಳ್ಳುವುದನ್ನು ನೋಡಿದ್ದೇನೆ. "ಬರುತ್ತೆ ಅನ್ಸುತ್ತೆ" ಎನ್ನುವವರು ಕೆಲವರು, "ಅಡ್ಮಿನ್ ನೋಡ್ಕೋತಾರೆ ಬಿಡಿ" ಎನ್ನುವವರು ಹಲವರು. ನಾನು ಶಿವಮೊಗ್ಗದ ಕಡೆಯವನು, ಇಂಜಿನಿಯರಿಂಗ್ ಮುಗಿಸಿ ಈಗ ರೆಡ್ಮಂಡ್ ಆಸುಪಾಸಿನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಇದೇನು ಮಹಾ ವಿಷಯ, ಸೆಟ್ಟಿಂಗ್ಸ್ ಪುಟದಲ್ಲಿ ಇರುವ ಒಂದು ಚೆಕ್‌ಬಾಕ್ಸ್ ತಾನೇ ಎಂದು ನಿಮಗೆ ಅನ್ನಿಸಬಹುದು. ನಿಜ, ಚೆಕ್‌ಬಾಕ್ಸೇ. ಆದರೆ ನಮ್ಮ ಮನೆಯ ಮುಂಬಾಗಿಲಿಗೂ ಒಂದೇ ಚಿಲಕ ಇರುವುದು, ಅಲ್ಲವೇ?

ಮೊದಲು ಸ್ವಲ್ಪ ಇತಿಹಾಸ. ಇ-ಮೇಲ್ ಸಾಗಿಸುವ ನಿಯಮಗಳನ್ನು, ಅಂದರೆ ಎಸ್‌ಎಂಟಿಪಿ ಎನ್ನುವುದನ್ನು, ಜಾನ್ ಪೋಸ್ಟೆಲ್ ಅವರು 1982ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 821 ಎಂಬ ದಾಖಲೆಯಲ್ಲಿ ಬರೆದಿಟ್ಟರು. ಅದರಲ್ಲಿ ಒಂದು ಸ್ವಾರಸ್ಯದ ಆದೇಶವಿದೆ, 'ಎಕ್ಸ್‌ಪಿಎನ್' ಎಂದು. ಯಾವುದೋ ಊರಿನ ಕಂಪ್ಯೂಟರು ನಿಮ್ಮ ಕಂಪ್ಯೂಟರನ್ನು "ಈ ಲಿಸ್ಟಿನಲ್ಲಿ ಯಾರ್ಯಾರಿದ್ದಾರೆ?" ಎಂದು ಕೇಳಬಹುದು, ನಿಮ್ಮದು ಒಬ್ಬೊಬ್ಬರ ವಿಳಾಸವನ್ನೂ ಸಾಲಾಗಿ ಒಪ್ಪಿಸಬಹುದು! ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಬಂದುಹೋದವರಿಗೆಲ್ಲ ನಿವಾಸಿಗಳ ಪಟ್ಟಿ ಹಂಚಿದ ಹಾಗೆ. ಅಂದಿನ ಜಾಲದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಪರಿಚಯದವರು, ವಿಶ್ವವಿದ್ಯಾಲಯಗಳ, ಸಂಶೋಧನಾ ಕೇಂದ್ರಗಳ ಮಂದಿ. ಊರೆಲ್ಲ ನೆಂಟರಾಗಿದ್ದಾಗ ಬಾಗಿಲಿಗೆ ಬೀಗ ಯಾರು ಹಾಕುತ್ತಾರೆ? ಇಂದು ಆ ಆದೇಶವನ್ನು ಬಹುಪಾಲು ಸರ್ವರುಗಳು ಮುಚ್ಚಿಟ್ಟಿವೆ. ಊರು ಬೆಳೆಯಿತು, ನೆಂಟರ ಜೊತೆ ಕಳ್ಳರೂ ಬಂದರು.

ಎರಡನೆಯ ಪಾಠ ನಡೆದದ್ದು ನಮ್ಮ ಮನೆಯಂಗಳದಲ್ಲೇ. 1997ರ ಅಕ್ಟೋಬರ್ 14. ರೆಡ್ಮಂಡಿನ ಮೈಕ್ರೋಸಾಫ್ಟ್‌ನಲ್ಲಿ 'ಬೆಡ್‌ಲಮ್ ಡಿಎಲ್3' ಎಂಬ ಹೆಸರಿನ ಡಿಸ್ಟ್ರಿಬ್ಯೂಷನ್ ಲಿಸ್ಟ್ ಇತ್ತು. ಅದರಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ನೌಕರರ ವಿಳಾಸಗಳಿದ್ದವು, ಆದರೆ ಅದರಲ್ಲಿ ತಾವಿದ್ದೇವೆ ಎಂದು ಅವರಿಗೇ ಗೊತ್ತಿರಲಿಲ್ಲ. ಯಾರೋ ಒಬ್ಬರು ಕಂಡುಹಿಡಿದು "ನನ್ನನ್ನು ಈ ಲಿಸ್ಟಿನಿಂದ ತೆಗೆಯಿರಿ" ಎಂದು ಇಡೀ ಲಿಸ್ಟಿಗೇ ಬರೆದರು. "ನನ್ನನ್ನೂ" ಎಂದು ಇನ್ನೊಬ್ಬರು. "ನನ್ನನ್ನೂ" ಎಂದು ಮತ್ತೊಬ್ಬರು. "ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ" ಎಂದು ಎಲ್ಲರಿಗೂ ಉತ್ತರಿಸಿದವರು ಬೇರೆ! ಅಲ್ಲಿನ ಇಂಜಿನಿಯರ್ ಲ್ಯಾರಿ ಓಸ್ಟರ್‌ಮನ್ ಅವರು 2004ರಲ್ಲಿ ಬರೆದ ಪ್ರಕಾರ ಸುಮಾರು ಒಂದೂವರೆ ಕೋಟಿ ಸಂದೇಶಗಳು, 195 ಗಿಗಾಬೈಟ್ ಸಾಮಗ್ರಿ ಅವರ ಸರ್ವರುಗಳ ಮೇಲೆ ಬಿದ್ದವು. 1997ರಲ್ಲಿ 195 ಗಿಗಾಬೈಟ್ ಎಂದರೆ ಸಣ್ಣ ಮಾತಲ್ಲ ಸ್ವಾಮಿ. ನಾನಾಗ ಪ್ರೈಮರಿ ಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಆದರೆ ಇಲ್ಲಿನ ಹಳಬರು ಇಂದಿಗೂ ಯಾರಾದರೂ ದೊಡ್ಡ ಲಿಸ್ಟಿಗೆ ತಪ್ಪಿ ಬರೆದರೆ "ಬೆಡ್‌ಲಮ್" ಎಂದು ನಗುತ್ತಾರೆ.

ಇದಾದ ಮೇಲೆ ಒಂದೊಂದೇ ಚಿಲಕ ಬಂತು. ಒಂದು ಸಂದೇಶ ಎಷ್ಟು ಜನರಿಗೆ ಹೋಗಬಹುದು ಎನ್ನುವುದಕ್ಕೆ ಮಿತಿ, ಯಾರು ಯಾವ ಲಿಸ್ಟಿಗೆ ಬರೆಯಬಹುದು ಎನ್ನುವುದಕ್ಕೆ ಅನುಮತಿ. ಎಕ್ಸ್‌ಚೇಂಜ್ 2007ರಿಂದ ಹೊಸದಾಗಿ ಮಾಡಿದ ಲಿಸ್ಟು ತಾನಾಗಿಯೇ ಹೊರಗಿನವರ ಪತ್ರವನ್ನು ನಿರಾಕರಿಸುತ್ತದೆ. ಬೇಕೆಂದರೆ ನೀವೇ ಹೋಗಿ ತೆರೆಯಬೇಕು. 2020ರ ಮೇ ತಿಂಗಳಲ್ಲಿ ಆಫೀಸ್ 365ಕ್ಕೆ 'ರಿಪ್ಲೈ ಆಲ್' ಬಿರುಗಾಳಿಯನ್ನು ತಡೆಯುವ ವ್ಯವಸ್ಥೆಯೂ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ನಗಬೇಡಿ. ಮುಂದಿನ ಕೊಳ್ಳೆಗಾದರೂ ಬಾಗಿಲು ಬೇಕಲ್ಲ!

ಹಾಗಾಗಿ ಒಳಗಿನ ಲಿಸ್ಟಿಗೆ ಹೊರಗಿನವರು ನೇರವಾಗಿ ಬರೆಯುವಂತಿರಬಾರದು ಎನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಏಕೆಂದು ಎರಡು ಕಾರಣ ಕೊಡುತ್ತೇನೆ.

ಒಂದು, ಮೋಸ. "ನಾನು ಅಧ್ಯಕ್ಷ, ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ, ತುರ್ತಾಗಿ ಐದು ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸಿ" ಎಂಬ ಪತ್ರ ನಿಮಗೂ ಬಂದಿರಬಹುದು. ಹೆಸರು ಅಧ್ಯಕ್ಷರದೇ, ವಿಳಾಸ ಮಾತ್ರ ಬೇರೆ. ಮೊಬೈಲಿನಲ್ಲಿ ಹೆಸರಷ್ಟೇ ಕಾಣುತ್ತದೆ, ವಿಳಾಸ ಕಾಣುವುದಿಲ್ಲ. ಅದೇ ಪತ್ರ ಸಮಿತಿಯ ಲಿಸ್ಟಿಗೆ ಬಂದರೆ ಒಂದೇ ಕಲ್ಲಿಗೆ ಹದಿನೈದು ಹಕ್ಕಿ. ಅದಕ್ಕಿಂತ ಮುಖ್ಯವಾಗಿ, ಲಿಸ್ಟಿನ ಮೂಲಕ ಬಂದದ್ದರಿಂದ ಅದಕ್ಕೊಂದು ಮರ್ಯಾದೆಯೂ ಬಂದುಬಿಡುತ್ತದೆ. 'ನಮ್ಮ ಲಿಸ್ಟಿಗೆ ಬಂದಿದೆ ಅಂದರೆ ನಮ್ಮವರದೇ ಇರಬೇಕು' ಎಂದು ಮನಸ್ಸು ನಂಬುತ್ತದೆ. ಹೀಗೆ ಪರಿಚಿತರ ವೇಷದಲ್ಲಿ ಬರೆದು ಹಣ ಕೀಳುವ ಇ-ಮೇಲ್ ಮೋಸಗಳಿಂದ 2023ರಲ್ಲಿ 290 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತೆಂದು ಎಫ್‌ಬಿಐ ವರದಿ ಹೇಳುತ್ತದೆ. ಇದರಲ್ಲಿ ದೊಡ್ಡ ಕಂಪನಿಗಳದೇ ಸಿಂಹಪಾಲು ಇರಬಹುದು, ಆದರೆ ಸ್ವಯಂಸೇವಕರು ನಡೆಸುವ ಸಣ್ಣ ಸಂಸ್ಥೆಗಳಿಗೆ ಗಿಫ್ಟ್ ಕಾರ್ಡಿನ ಗಾಳ ಮಾಮೂಲಾಗಿಬಿಟ್ಟಿದೆ.

ಎರಡು, ನಮಗೇ ಗೊತ್ತಿಲ್ಲದೆ ಸೋರುವ ಮಾಹಿತಿ. ಡಿಸೆಂಬರ್ ಕೊನೆಯ ವಾರ ತಂಡದ ಅರ್ಧ ಜನ ಊರಿಗೆ ಹೋಗಿರುತ್ತಾರೆ. ಆ ಹೊತ್ತಿಗೆ ಹೊರಗಿನವನೊಬ್ಬ ಲಿಸ್ಟಿಗೆ ಒಂದು ಸಾಲು ಬರೆದರೆ, ವ್ಯವಸ್ಥೆ ಸರಿಯಾಗಿಲ್ಲದ ಕಡೆ, "ಜನವರಿ 10ರವರೆಗೆ ಬೆಂಗಳೂರಿನಲ್ಲಿರುತ್ತೇನೆ, ತುರ್ತಿಗೆ ಇಂಥವರನ್ನು ಈ ನಂಬರಿನಲ್ಲಿ ಸಂಪರ್ಕಿಸಿ" ಎಂಬ ರಜಾ ಉತ್ತರಗಳು ಸಾಲಾಗಿ ಅವನಿಗೆ ಹೋಗುತ್ತವೆ. ಯಾರು ತಂಡದಲ್ಲಿದ್ದಾರೆ, ಯಾರ ಮನೆ ಖಾಲಿ ಇದೆ, ಯಾರು ಯಾರ ಕೈಕೆಳಗೆ, ಎಲ್ಲವೂ ಒಂದೇ ಪತ್ರದ ಖರ್ಚಿನಲ್ಲಿ! 1982ರ ಆ ಎಕ್ಸ್‌ಪಿಎನ್ ಆದೇಶವನ್ನು ಮುಂಬಾಗಿಲಿನಲ್ಲಿ ಮುಚ್ಚಿ ಹಿತ್ತಲ ಬಾಗಿಲಿನಲ್ಲಿ ತೆರೆದಿಟ್ಟ ಹಾಗಾಯಿತು.

ಸರಿ, ಹಾಗಾದರೆ ಚೆಕ್‌ಬಾಕ್ಸ್ ಒತ್ತಿ ಬಾಗಿಲು ಹಾಕಿದರೆ ಮುಗಿಯಿತಲ್ಲ, ಇಷ್ಟುದ್ದ ಕೊರೆತ ಏಕೆ ಎಂದು ಕೇಳುತ್ತೀರಾ? ಮುಗಿಯುವುದಿಲ್ಲ. ನನ್ನ ತಕರಾರು ಶುರುವಾಗುವುದೇ ಇಲ್ಲಿ.

2024ರ ನವೆಂಬರ್ 19, ಮಂಗಳವಾರ. ಆ ರಾತ್ರಿಯ ಬಾಂಬ್ ಸೈಕ್ಲೋನ್ ನಿಮಗೆಲ್ಲ ನೆನಪಿರಬಹುದು. ಮರಗಳು ತಂತಿಗಳ ಮೇಲೆ ಬಿದ್ದು ಪಶ್ಚಿಮ ವಾಷಿಂಗ್ಟನ್ನಿನ ಲಕ್ಷಾಂತರ ಮನೆಗಳಲ್ಲಿ ಕರೆಂಟ್ ಹೋಯಿತು. ಈಸ್ಟ್‌ಸೈಡಿನ ಹಲವು ಬಡಾವಣೆಗಳಲ್ಲಿ ದಿನಗಟ್ಟಲೆ ಬರಲಿಲ್ಲ. ಸಮಾಮಿಷ್ ಕಡೆ ಆಗಷ್ಟೇ ಬಂದು ನೆಲೆಸಿದ್ದ ಕನ್ನಡದ ದಂಪತಿಗಳು, ಕೈಗೂಸು, ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅಪ್ಪ ಅಮ್ಮ. ಮನೆಯಲ್ಲಿ ಹೀಟರಿಲ್ಲ, ಒಲೆಯೂ ಕರೆಂಟಿನದೇ. ಹೊಸಬರಾದ್ದರಿಂದ ಯಾವ ವಾಟ್ಸಾಪ್ ಗುಂಪಿನಲ್ಲೂ ಅವರಿರಲಿಲ್ಲ. ಈ ಸೀಮೆಯ ಸಮುದಾಯ ಸಂಸ್ಥೆಯೊಂದರ ವೆಬ್‌ಸೈಟಿನಲ್ಲಿದ್ದ ಸಮಿತಿಯ ವಿಳಾಸಕ್ಕೆ ಆಕೆ ಬರೆದರು: "ಒಂದೆರಡು ರಾತ್ರಿ ಮಗುವನ್ನೂ ವಯಸ್ಸಾದವರನ್ನೂ ಬೆಚ್ಚಗಿಡಲು ಯಾರ ಮನೆಯಲ್ಲಾದರೂ ಜಾಗ ಸಿಗಬಹುದೇ?"

ಒಂದೇ ನಿಮಿಷದಲ್ಲಿ ಉತ್ತರ ಬಂತು. 550 5.7.133. ಈ ಗುಂಪು ತನ್ನ ಸಂಸ್ಥೆಯ ಒಳಗಿನವರಿಂದ ಮಾತ್ರ ಪತ್ರ ಸ್ವೀಕರಿಸುತ್ತದೆ, ನಿಮ್ಮ ವಿಳಾಸ ಅದರಲ್ಲಿಲ್ಲ.

ಅದೇ ಹೊತ್ತಿನಲ್ಲಿ ಅದೇ ಸಮಿತಿಯವರು ತಮ್ಮ ವಾಟ್ಸಾಪ್ ಗುಂಪಿನಲ್ಲಿ "ನಮ್ಮಲ್ಲಿ ಕರೆಂಟ್ ಇದೆ, ಎರಡು ರೂಮ್ ಖಾಲಿ ಇವೆ, ಯಾರಿಗಾದರೂ ಬೇಕಾದರೆ ಹೇಳಿ" ಎಂದು ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದರು! ಕೊಡುವ ಮನಸ್ಸು ಇತ್ತು, ಕೇಳುವ ಬಾಯಿ ಇತ್ತು, ನಡುವೆ ಒಂದು ಚೆಕ್‌ಬಾಕ್ಸ್. ದಂಪತಿಗಳು ಹೇಗೋ ಸಿಯಾಟಲಿನಲ್ಲಿ ಹೋಟೆಲ್ ಹುಡುಕಿಕೊಂಡು ಹೋದರು, ಯಾರಿಗೂ ಏನೂ ಆಗಲಿಲ್ಲ. ಆದರೆ ಮುಂದಿನ ಯುಗಾದಿ ಹೊತ್ತಿಗೆ ಆಕೆಯ ಪರಿಚಯವಾದಾಗ ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ: "ನಮ್ಮನ್ನ ಬೇಡ ಅಂದ್ರು ಅಂತಲೇ ಅಂದ್ಕೊಂಡ್ವಿ." ವಾಪಸ್ ಬಂದಿದ್ದ ಪತ್ರವನ್ನು ಆಕೆ ಫೋನಿನಲ್ಲಿ ತೋರಿಸಿದ ಮೇಲೆ ನನಗೆ ಕಾರಣ ತಿಳಿಯಿತು. ಸಮಿತಿಯವರನ್ನು ವಿಚಾರಿಸಿದರೆ, ಆ ವರ್ಷದ ಬೇಸಿಗೆಯಲ್ಲಿ ಗಿಫ್ಟ್ ಕಾರ್ಡ್ ಮೋಸದ ಪತ್ರ ಬಂದಿತ್ತಂತೆ, ಗಾಬರಿಯಾಗಿ ಲಿಸ್ಟನ್ನು ಹೊರಗಿನವರಿಗೆ ಮುಚ್ಚಿದ್ದರಂತೆ. ವೆಬ್‌ಸೈಟಿನಲ್ಲಿ ವಿಳಾಸ ಹಾಗೇ ಉಳಿದಿತ್ತು. ಬಾಗಿಲಿಗೆ ಬೀಗ, ಬೋರ್ಡಿನಲ್ಲಿ ಸುಸ್ವಾಗತ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಹಾಗೆ.

ಸಂಸ್ಥೆಯ ಹೆಸರು ಬೇಡ, ಇದು ಯಾರಿಗೂ ಆಗಬಹುದಾದದ್ದು. ಇಲ್ಲಿ ಗಮನಿಸಬೇಕಾದ ತಾಂತ್ರಿಕ ಅಂಶ ಒಂದೇ: ನಿರಾಕರಣೆಯ ಪತ್ರ ಬರೆದವರಿಗೆ ಮಾತ್ರ ಹೋಗುತ್ತದೆ, ಒಳಗಿದ್ದವರಿಗೆ ಸುಳಿವೇ ಸಿಗುವುದಿಲ್ಲ. ನಿಜವಾದ ಬಾಗಿಲಾದರೆ ಯಾರೋ ತಟ್ಟಿದ ಸದ್ದಾದರೂ ಕೇಳುತ್ತದೆ. ಈ ಬಾಗಿಲಿಗೆ ಸದ್ದೇ ಇಲ್ಲ. ಸರ್ವರಿನ ದಾಖಲೆಯಲ್ಲಿ ಹುಡುಕಿದರೆ ಸಿಗುತ್ತದೆ ನಿಜ, ಆದರೆ ಬಂದಿಲ್ಲದ ಪತ್ರವನ್ನು ಹುಡುಕಲು ಯಾರು ಹೋಗುತ್ತಾರೆ? ನನಗೆ ಗೊತ್ತಿರುವ ಒಂದು ಕಂಪನಿಯಲ್ಲಿ, ಮೂರು ವರ್ಷದಿಂದ ತಂಡದ ಲಿಸ್ಟಿಗೇ ಬರೆದು ರೂಢಿಯಾಗಿದ್ದ ಗ್ರಾಹಕರ ಪತ್ರಗಳು ಹೊಸ ನಿಯಮ ಬಂದ ದಿನದಿಂದ ಮೂರು ವಾರ ಹೀಗೇ ವಾಪಸ್ ಹೋದವು. ಒಳಗೆ ಎಲ್ಲರೂ "ಈಚೆಗೆ ದೂರುಗಳೇ ಇಲ್ಲ, ಪ್ರಾಡಕ್ಟ್ ಚೆನ್ನಾಗಿ ಓಡ್ತಿದೆ" ಎಂದು ಖುಷಿಯಾಗಿದ್ದರಂತೆ!

ಇದನ್ನು ಹೇಳಿದರೆ ಎರಡು ಕಡೆಯಿಂದಲೂ ಬೈಗುಳ ಬರುತ್ತದೆ. ಸಿಸ್ಟಮ್ ಅಡ್ಮಿನ್ ಆಗಿರುವ ಗೆಳೆಯನ ವಾದ: "ನೋಡೋ ಮಾರಾಯ, ಒಂದು ವಿಳಾಸ ತೆರೆದಿಟ್ಟರೂ ಒಂದು ತೂತು ಇಟ್ಟ ಹಾಗೆ. ಸಂಜೆ ಹೊತ್ತಿಗೆ ನೂರು ಕಸ ಬಂದು ಬೀಳುತ್ತೆ, ಗುಡಿಸೋನು ನಾನು." ಅವನ ಮಾತು ಸುಳ್ಳಲ್ಲ. ಇನ್ನೊಂದು ಕಡೆ ಸಂಘದ ಹಿರಿಯರೊಬ್ಬರು: "ಅಲ್ಲಾ ಇವರೇ, ನಾವೇನು ಬ್ಯಾಂಕ್ ನಡೆಸ್ತಿದೀವಾ? ಕನ್ನಡದವರು ಯಾರಾದರೂ ಬರೀಲಿ, ಎಲ್ಲರಿಗೂ ಬರಲಿ, ಯಾರಾದರೊಬ್ಬರು ಉತ್ತರ ಕೊಡ್ತಾರೆ." ಅವರ ಮನಸ್ಸು ದೊಡ್ಡದು. ಆದರೆ ಆ 'ಯಾರಾದರೊಬ್ಬರು' ಇದ್ದಾರಲ್ಲ, ಅವರನ್ನು ನಾನು ಇದುವರೆಗೂ ಭೇಟಿ ಮಾಡಿಲ್ಲ! ರಾಜ ಕೊಳಕ್ಕೆ ಮನೆಗೊಂದು ಚೊಂಬು ಹಾಲು ಸುರಿಯಿರಿ ಎಂದಾಗ, ಎಲ್ಲರೂ ಹಾಲು ಹಾಕುತ್ತಾರೆ, ನನ್ನದೊಂದು ಚೊಂಬು ನೀರು ಯಾರಿಗೆ ತಿಳಿಯುತ್ತದೆ ಎಂದು ಊರಿಗೆ ಊರೇ ನೀರು ಸುರಿದ ಕಥೆ ಚಿಕ್ಕಂದಿನಲ್ಲಿ ಕೇಳಿದ್ದೀರಲ್ಲ? ಹದಿನೈದು ಜನರ ಲಿಸ್ಟಿಗೆ ಬಂದ ಪತ್ರದ ಗತಿಯೂ ಅದೇ. ಪ್ರತಿಯೊಬ್ಬರೂ ಓದುತ್ತಾರೆ, ಪ್ರತಿಯೊಬ್ಬರೂ ಇನ್ನೊಬ್ಬರು ಉತ್ತರಿಸುತ್ತಾರೆ ಎಂದುಕೊಳ್ಳುತ್ತಾರೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಬಾಗಿಲು ತೆರೆದಿರಬೇಕೋ ಮುಚ್ಚಿರಬೇಕೋ ಎನ್ನುವ ಜಗಳದಲ್ಲಿ, ಬಾಗಿಲ ಬಳಿ ಯಾರಿದ್ದಾರೆ ಎಂದು ಕೇಳುವುದನ್ನೇ ನಾವು ಮರೆತಿದ್ದೇವೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಗುರುತಿಲ್ಲದವರು ನೇರ ಅಡಿಗೆಮನೆಗೆ ಬರುವುದಿಲ್ಲ, ಹಾಗೆಂದು ಅವರನ್ನು ಗೇಟಿನಿಂದಲೇ ಅಟ್ಟುವುದೂ ಇಲ್ಲ. ಜಗಲಿಯಲ್ಲಿ ಕೂರಿಸುತ್ತಾರೆ, ಬೆಲ್ಲ ನೀರು ಕೊಡುತ್ತಾರೆ, ಮನೆಯವರೊಬ್ಬರು ಬಂದು ವಿಚಾರಿಸುತ್ತಾರೆ. ಇ-ಮೇಲಿಗೂ ಜಗಲಿ ಕಟ್ಟಲು ಬರುತ್ತದೆ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ.

ಮೊದಲನೆಯದು, ವಿಳಾಸ ಎರಡಿರಲಿ. ಒಳಗಿನ ಚರ್ಚೆಯ ಲಿಸ್ಟು ಒಂದು, ಅದು ಹೊರಗಿನವರಿಗೆ ಮುಚ್ಚಿರಲಿ, ಅದರ ಹೆಸರು ವೆಬ್‌ಸೈಟಿನಲ್ಲೂ ಬೇಡ. ಇನ್ನೊಂದು ಹೊರಗಿನವರಿಗಾಗಿಯೇ. ಇದೇನು ಹೊಸ ಉಪಾಯವಲ್ಲ. 1997ರ ಮೇ ತಿಂಗಳಲ್ಲೇ ಆರ್‌ಎಫ್‌ಸಿ 2142 ಎಂಬ ದಾಖಲೆ, ಮಾಹಿತಿಗೆ 'ಇನ್ಫೋ', ಸಹಾಯಕ್ಕೆ 'ಸಪೋರ್ಟ್', ಸುರಕ್ಷತೆಯ ವಿಷಯಕ್ಕೆ 'ಸೆಕ್ಯೂರಿಟಿ', ದುರ್ಬಳಕೆಯ ದೂರಿಗೆ 'ಅಬ್ಯೂಸ್' ಎಂದು ಹೊರಗಿನವರು ಊಹಿಸಬಲ್ಲ ಹೆಸರುಗಳನ್ನೇ ಇಟ್ಟುಕೊಳ್ಳಿ ಎಂದು ಸೂಚಿಸಿತ್ತು. ಬೆಡ್‌ಲಮ್ ಗಲಾಟೆಗೆ ಐದು ತಿಂಗಳು ಮುಂಚೆ!

ಎರಡನೆಯದು, ಹೊರಗಿನ ವಿಳಾಸಕ್ಕೆ ಹದಿನೈದು ಜನ ಬೇಡ, ಇಬ್ಬರೋ ಮೂವರೋ ಸಾಕು, ಆದರೆ ಪಾಳಿ ಇರಲಿ. ಈ ವಾರ ಇಂಥವರು ಎಂದು ಹೆಸರು ಬರೆದಿಡಿ. ಒಂದು ದಿನದೊಳಗೆ ಉತ್ತರ, ಅದು "ನೋಡಿ ತಿಳಿಸುತ್ತೇವೆ" ಎಂಬ ಒಂದು ಸಾಲಾದರೂ ಆದೀತು.

ಮೂರನೆಯದು, ಮುಚ್ಚಿದ ಲಿಸ್ಟಿಗೂ ನಿರಾಕರಣೆಯ ಬದಲು ತಡೆಹಿಡಿದು ನೋಡುವ ವ್ಯವಸ್ಥೆ ಮಾಡಬಹುದು. ಮೇಲ್‌ಮನ್ ತಂತ್ರಾಂಶ ಸದಸ್ಯರಲ್ಲದವರ ಪತ್ರವನ್ನು ಹೀಗೇ ಹಿಡಿದಿಟ್ಟು ಮೇಲ್ವಿಚಾರಕರನ್ನು ಕೇಳುತ್ತದೆ. ಗೂಗಲ್ ಗ್ರೂಪ್ಸ್‌ನಲ್ಲೂ ಎಕ್ಸ್‌ಚೇಂಜ್‌ನಲ್ಲೂ ಈ ಸೌಲಭ್ಯವಿದೆ. ನಿರಾಕರಿಸಲೇಬೇಕಾದರೆ, "ಈ ವಿಳಾಸಕ್ಕೆ ಬರೆಯಲಾಗದು, ದಯವಿಟ್ಟು ಇಲ್ಲಿಗೆ ಬರೆಯಿರಿ" ಎಂದು ದಾರಿ ತೋರಿಸುವ ಮಾತನ್ನು ನಿಯಮದಲ್ಲೇ ಸೇರಿಸಬಹುದು. ಬರಿಯ 550 ಎಂಬ ಸಂಖ್ಯೆ ಕಂಪ್ಯೂಟರಿಗೆ ಅರ್ಥವಾದೀತು, ಗಾಬರಿಯಲ್ಲಿರುವ ತಾಯಿಗಲ್ಲ.

ನಾಲ್ಕನೆಯದು, ನಂಬಿಕಸ್ಥ ಹೊರಗಿನವರು, ಅಂದರೆ ಹಾಲ್ ಬಾಡಿಗೆಗೆ ಕೊಡುವವರು, ಆಡಿಟರು, ಖಾಯಂ ಗ್ರಾಹಕರು, ಅವರ ವಿಳಾಸವನ್ನು ಮಾತ್ರ ಒಳಲಿಸ್ಟಿಗೆ ಅನುಮತಿಸಬಹುದು. ಆದರೆ ಎಚ್ಚರ, ಇ-ಮೇಲಿನಲ್ಲಿ 'ಇಂದ' ಎಂಬ ಸಾಲನ್ನು ಯಾರು ಬೇಕಾದರೂ ಸುಳ್ಳು ಬರೆಯಬಹುದು. ಪತ್ರ ನಿಜಕ್ಕೂ ಅಲ್ಲಿಂದಲೇ ಬಂದಿತೇ ಎಂದು ನೋಡುವುದಕ್ಕೇ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಪರೀಕ್ಷೆಗಳಿರುವುದು. ಇವುಗಳಿಗೂ ಲಿಸ್ಟುಗಳಿಗೂ ಎಣ್ಣೆ ಸೀಗೇಕಾಯಿ ಸಂಬಂಧ ಎನ್ನುವುದೂ ತಿಳಿದಿರಲಿ. ಲಿಸ್ಟು ಮತ್ತೊಬ್ಬರ ಹೆಸರಿನಲ್ಲಿ ಪತ್ರವನ್ನು ಮುಂದಕ್ಕೆ ಕಳಿಸುತ್ತದೆ, ವಿಷಯದ ಸಾಲಿಗೆ ತನ್ನ ಹೆಸರನ್ನೂ ಸೇರಿಸುತ್ತದೆ. ಪರೀಕ್ಷಕರಿಗೆ ಇದು ಥೇಟ್ ಕಳ್ಳ ಪತ್ರದಂತೆಯೇ ಕಾಣುತ್ತದೆ. 2014ರ ಏಪ್ರಿಲಿನಲ್ಲಿ ಯಾಹೂ ತನ್ನ ಡಿಮಾರ್ಕ್ ನಿಯಮವನ್ನು ಬಿಗಿ ಮಾಡಿದಾಗ ಜಗತ್ತಿನಾದ್ಯಂತ ಲಿಸ್ಟುಗಳಲ್ಲಿ ಯಾಹೂ ಸದಸ್ಯರ ಪತ್ರಗಳು ತಿರಸ್ಕೃತವಾದವು. 2024ರ ಫೆಬ್ರವರಿಯಿಂದ ಜಿಮೇಲ್ ಕೂಡ ಪತ್ರ ಕಳಿಸುವವರೆಲ್ಲರಿಂದ ಇಂಥ ಗುರುತಿನ ಚೀಟಿ ಕೇಳುತ್ತಿದೆ. ನಿಮ್ಮ ಸಂಘದ ಡೊಮೇನಿಗೆ ಇವೆಲ್ಲ ಇವೆಯೇ ಎಂದು ಬಲ್ಲವರೊಬ್ಬರು ಒಂದು ಭಾನುವಾರ ಕೂತು ನೋಡಿದರೆ ಸಾಕು.

ಐದನೆಯದು, ಎಲ್ಲಕ್ಕಿಂತ ಸುಲಭದ್ದು ಮತ್ತು ಯಾರೂ ಮಾಡದೇ ಇರುವಂಥದ್ದು: ತಿಂಗಳಿಗೊಮ್ಮೆ ಹೊರಗಿನಿಂದ ನಿಮ್ಮ ಬಾಗಿಲನ್ನು ನೀವೇ ತಟ್ಟಿ ನೋಡಿ. ಆಫೀಸಿನ ವಿಳಾಸದಿಂದಲ್ಲ, ಸಂಘದ ವಿಳಾಸದಿಂದಲೂ ಅಲ್ಲ, ಯಾವುದೋ ಸಂಬಂಧವಿಲ್ಲದ ಖಾಸಗಿ ವಿಳಾಸದಿಂದ ಒಂದು ಪತ್ರ. ಸಮಿತಿ ಬದಲಾದಾಗಲಂತೂ ಇದನ್ನು ತಪ್ಪಿಸಬೇಡಿ. ಹಳೆಯ ಖಜಾಂಚಿ ಟೆಕ್ಸಾಸಿಗೆ ಹೋಗಿ ನಾಲ್ಕು ವರ್ಷವಾದರೂ ಸಂಘದ ಪತ್ರಗಳು ಅವರಿಗೇ ಹೋಗುತ್ತಿರುವ ಉದಾಹರಣೆಗಳು ಬೇಕಾದಷ್ಟಿವೆ.

ಹಳಬರಿಗೆ ಯಾಹೂ ಗ್ರೂಪ್ಸ್ ಕಾಲ ನೆನಪಿರಬಹುದು. 2020ರ ಡಿಸೆಂಬರ್ 15ರಂದು ಅದು ಪೂರ್ತಿ ಮುಚ್ಚಿತು. ಆಗ ಪ್ರತಿ ಗುಂಪಿಗೂ ಒಬ್ಬ ಮಾಡರೇಟರ್ ಇರುತ್ತಿದ್ದರು, ಹೊಸಬರ ಪತ್ರವನ್ನು ಓದಿ ಒಳಗೆ ಬಿಡುತ್ತಿದ್ದರು, ಕೆಲವೊಮ್ಮೆ ಗದರಿಸುತ್ತಲೂ ಇದ್ದರಂತೆ! ಆ ಸಲಕರಣೆ ಹಳತಾಯಿತು, ಹೋಯಿತು. ಅದರ ಜೊತೆ ಆ ಮಾಡರೇಟರ್ ಎನ್ನುವ ಮನುಷ್ಯನನ್ನೂ ನಾವು ಕಳೆದುಕೊಂಡದ್ದು ಮಾತ್ರ ಸರಿಯಾಗಲಿಲ್ಲ. ಸೆಟ್ಟಿಂಗ್ ಎಷ್ಟೇ ಜಾಣತನದ್ದಾದರೂ ಮೋಸದ ಪತ್ರಕ್ಕೂ ಕಷ್ಟದ ಪತ್ರಕ್ಕೂ ಇರುವ ವ್ಯತ್ಯಾಸ ಅದಕ್ಕೆ ಪೂರ್ತಿ ತಿಳಿಯುವುದಿಲ್ಲ. ಎರಡೂ ಗುರುತಿಲ್ಲದವರಿಂದಲೇ ಬರುವಂಥವು, ಎರಡರಲ್ಲೂ 'ತುರ್ತು' ಎಂದೇ ಬರೆದಿರುತ್ತದೆ.

ಈ ವಾರಾಂತ್ಯ ಹತ್ತು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ತಂಡದ, ನಿಮ್ಮ ಮಕ್ಕಳ ಕನ್ನಡ ತರಗತಿಯ, ನೀವು ದುಡಿಯುವ ಸಂಸ್ಥೆಯ ವಿಳಾಸಗಳಿಗೆ ಹೊರಗಿನಿಂದ ಒಂದೊಂದು ಪತ್ರ ಹಾಕಿ ನೋಡಿ. ಎಷ್ಟಕ್ಕೆ ಉತ್ತರ ಬಂತು, ಎಷ್ಟು ವಾಪಸ್ ಬಂದವು, ಎಷ್ಟು ಸದ್ದಿಲ್ಲದೆ ಮಾಯವಾದವು ಎಂದು ಬರೆದು ತಿಳಿಸಿ, ಒಟ್ಟಿಗೆ ಕೂತು ಸರಿಪಡಿಸೋಣ. ಬರೆಯುವಾಗ ಈ ಪತ್ರಿಕೆಯ ಸಂಪಾದಕರ ವಿಳಾಸವನ್ನೂ ಪರೀಕ್ಷೆಗೆ ಸೇರಿಸಿಕೊಂಡರೆ ಅವರೇನೂ ಬೇಜಾರು ಮಾಡಿಕೊಳ್ಳಲಾರರು!